ಸೋಮವಾರದ ಉಳುಮೆ

ಎಲಚಿಕಟ್ಟೆ ಪಂಚಾಯ್ತಿ ಕಚೇರಿಯ ಮುಂದೆ ಆ ಗುರುವಾರ ಬೆಳಿಗ್ಗೆ ಎಂಟಕ್ಕೆಲ್ಲ ಜನ ಸೇರತೊಡಗಿದರು. ವಿಚಾರಣೆ ಹನ್ನೊಂದು ಗಂಟೆಗೆ ಎಂದು ನೋಟಿಸಿನಲ್ಲಿತ್ತು. ಆದರೂ ಡೇರಿಗೆ ಹಾಲು ಹಾಕಿ ಬಂದವರು ಖಾಲಿ ಕ್ಯಾನು ಹಿಡಿದುಕೊಂಡೇ ನಿಂತರು. ತೋಟದ ಮೋಟರು ಹಾಕಲು ಹೊರಟವರು ಬೈಕು ನಿಲ್ಲಿಸಿ ಅದರ ಮೇಲೇ ಕೂತರು. ಠಾಣೆಯ ಸಬ್ ಇನ್ಸ್‌ಪೆಕ್ಟರನ್ನು ಬೇರೆ ಯಾರೋ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವುದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಕೇಳುವವರು ಒಬ್ಬ ಹೆಂಗಸಂತೆ, ಮಾನವ ಹಕ್ಕುಗಳ ಆಯೋಗದವರಂತೆ, ಬೆಂಗಳೂರು ಕಡೆಯಿಂದ ಬರುತ್ತಾರಂತೆ ಎನ್ನುವುದು ಹಿಂದಿನ ದಿನವೇ ಹಬ್ಬಿತ್ತು.

"ಸಾಹೇಬನ್ನ ಕುರ್ಚಿ ಮ್ಯಾಲೆ ಕೂರುಸ್ತಾರೋ, ನೆಲದ ಮ್ಯಾಲೋ?" ಎಂದಳು ಹುಚ್ಚಕ್ಕ. ಎಂಬತ್ತು ದಾಟಿದ ಮುದುಕಿ. ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಎಲ್ಲರಿಗಿಂತ ಮೊದಲು ಬಂದು ಜಾಗ ಹಿಡಿದಿದ್ದಳು.

"ಕುರ್ಚಿ ಕೊಡ್ತಾರೆ ಕಣಜ್ಜಿ. ಸರ್ಕಾರಿ ಮನುಷ್ಯ ಅಲ್ವಾ," ಎಂದ ಟೀ ಅಂಗಡಿಯ ರುದ್ರೇಶ.

"ನಮ್ ಕಲ್ಲೇಶನ್ನ ಮೂರ್ ದಿನ ನೆಲದ ಮ್ಯಾಲೇ ಕೂರ್ಸಿದ್ರಲ್ಲ. ಅವ್ನು ಸರ್ಕಾರಕ್ಕೆ ಸೇರಿದ ಮನುಷ್ಯ ಅಲ್ವಾ?"

ರುದ್ರೇಶ ನಗಲು ಹೋಗಿ, ರಸ್ತೆಯಾಚೆಯ ಠಾಣೆಯ ಕಡೆ ನೋಡಿ ನಗು ನುಂಗಿಕೊಂಡ.

ಕಲ್ಲೇಶ ಕಾಯಿ ಸುಲಿಯುವವನು. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ತೆಂಗಿನಕಾಯಿ ಕುಕ್ಕಿ, ಮೂರು ತಿರುವಿಗೆ ಮಟ್ಟೆ ಬಿಡಿಸಿ ಎಸೆಯುತ್ತಿದ್ದ. ಅವನು ಹಾರೆಯ ಮುಂದೆ ನಿಂತರೆ ಕಾಯಿ ಎತ್ತಿಕೊಡುವವರಿಗೆ ಸೊಂಟ ನೆಟ್ಟಗೆ ಮಾಡಲು ಬಿಡುವು ಸಿಗುತ್ತಿರಲಿಲ್ಲ. ಹೋದ ಆಷಾಢದಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿಯ ಅಟ್ಟದಿಂದ ನಾಲ್ಕು ಮೂಟೆ ಕೊಬ್ಬರಿ ಕಾಣೆಯಾಯಿತು. ಅದರ ಹಿಂದಿನ ವಾರ ಆ ಮನೆಯಲ್ಲಿ ಕಾಯಿ ಸುಲಿದಿದ್ದವನು ಕಲ್ಲೇಶ. ಶನಿವಾರ ಸಂಜೆ ಜೀಪು ಬಂತು. ಸೋಮವಾರ ಕತ್ತಲಾಗುವ ಹೊತ್ತಿಗೆ ಅವನನ್ನು ಠಾಣೆಯ ಗೇಟಿನ ಹೊರಗೆ ಬಿಟ್ಟರು. ಬಲಗೈಯ ಮೂರು ಬೆರಳು ಮುರಿದಿದ್ದವು. ಹದಿನೈದು ದಿನ ಕಳೆದ ಮೇಲೆ ಮೂಟೆಗಳು ವ್ಯಾಪಾರಿಯ ತಮ್ಮನ ಮನೆಯಲ್ಲೇ ಸಿಕ್ಕಿದವು. ಅಣ್ಣತಮ್ಮಂದಿರು ರಾಜಿಯಾದರು. ಕಲ್ಲೇಶನ ಬೆರಳು ಮಾತ್ರ ಮಡಚಲು ಬರಲಿಲ್ಲ.

ಏಳು ತಿಂಗಳಿಂದ ಅವನು ಮನೆಯ ಜಗಲಿಯಲ್ಲಿ ಕೂತಿದ್ದ. ಠಾಣೆಯಲ್ಲಿ ಏನಾಯಿತು ಎಂದು ಯಾರಾದರೂ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದ. ಅರ್ಜಿ ಬರೆಸಿದ್ದು, ಟಪಾಲಿಗೆ ಹಾಕಿದ್ದು, ತುರುವೇಕೆರೆಗೆ ವಕೀಲರ ಹತ್ತಿರ ಓಡಾಡಿದ್ದು ಎಲ್ಲ ಅವನ ಹೆಂಡತಿ ಸೌಮ್ಯ.

ವಕೀಲರು ಸೌಮ್ಯಳಿಗೆ ಒಂದು ಮಾತು ಬಿಡಿಸಿ ಹೇಳಿದ್ದರು. "ಅವನನ್ನ ಠಾಣೇಲಿ ಇಟ್ಕೊಂಡೇ ಇರಲಿಲ್ಲ ಅಂತ ಪೊಲೀಸ್ನೋರು ಬರೆದುಕೊಟ್ಟಿದಾರಮ್ಮ. ನೀನು ಹೇಳಿದ್ರೆ ಹೆಂಡ್ತಿ ಮಾತು ಅಂತಾರೆ. ಅಲ್ಲಿ ಕಂಡೆ ಅನ್ನೋ ಹೊರಗಿನೋರ ಬಾಯಿ ಒಂದಾದ್ರೂ ಬೇಕು. ಇಲ್ದಿದ್ರೆ ಈ ಅರ್ಜಿ ಅವತ್ತೇ ಮುಗೀತದೆ."

ಆ ಬಾಯಿ ಯಾರದು ಎನ್ನುವುದು ಸೌಮ್ಯಳಿಗೆ ಗೊತ್ತಿತ್ತು. ಊರಿನ ಶಿವಣ್ಣ; ಸಂಬಂಧಿಯಲ್ಲ, ಹಿರಿಯರೆಂದು ಅವಳು ದೊಡ್ಡಪ್ಪ ಅನ್ನುತ್ತಿದ್ದಳು. ತೋಟ, ಹೊಲ, ದನ ಎಲ್ಲ ಇಟ್ಟುಕೊಂಡು ಬಾಳಿದವರು. ಸುತ್ತಲಿನವರು ಟ್ರ್ಯಾಕ್ಟರಿಗೆ ತಿರುಗಿದ ಮೇಲೂ ಒಂದು ಜೊತೆ ಹಳ್ಳಿಕಾರ್ ಎತ್ತು ಸಾಕಿದ್ದವರು. ಕಲ್ಲೇಶನನ್ನು ಹಿಡಿದುಕೊಂಡು ಹೋದ ಮಾರನೆಯ ದಿನ, ಭಾನುವಾರ, ಅವನನ್ನು ಬಿಡಿಸಿಕೊಂಡು ಬರುತ್ತೇನೆಂದು ಠಾಣೆಗೆ ಹೋದವರು ಅವರೇ. ಬಂದು, "ನಾಳೆ ಬುಡ್ತಾರಂತೆ ಕಣವ್ವ" ಎಂದಷ್ಟೇ ಹೇಳಿ ಮನೆಯೊಳಗೆ ಹೋಗಿದ್ದರು. ಆಮೇಲೆ ಅವರ ಬಾಯಿಂದ ಆ ವಿಷಯ ಹೊರಟಿರಲಿಲ್ಲ.

ಹಿಂದಿನ ದಿನ ಸಂಜೆ ಸೌಮ್ಯ ಅವರ ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತಿದ್ದಳು. ಶಿವಣ್ಣ ಎತ್ತಿನ ಕತ್ತಿನಡಿಯ ಗಂಗೆದೊಗಲು ಸವರುತ್ತಿದ್ದರು.

"ನಾಳೆ ವಿಚಾರಣೆಗೆ ನಿಮ್ಗೂ ನೋಟಿಸ್ ಬಂದೈತಂತೆ ದೊಡ್ಡಪ್ಪ."

"ಬಂದೈತೆ. ಬತ್ತೀನಿ."

"ಏನ್ ಹೇಳ್ತೀರಿ?"

ಶಿವಣ್ಣ ಎತ್ತಿನ ಆ ಬದಿಗೆ ಹೋದರು. ಅಲ್ಲಿಂದಲೇ, "ನಿನ್ ವಿರುದ್ಧ ಒಂದ್ ಮಾತೂ ಆಡಲ್ಲ ಕಣವ್ವ. ನಂಗೊತ್ತಿಲ್ಲ ಅಂತೀನಿ. ಅಷ್ಟಕ್ಕೆ ಬುಟ್ಬುಡು. ದಿನಾ ಅದೇ ರಸ್ತೇಲಿ ಓಡಾಡೋನು ನಾನು," ಎಂದರು.

ಅವರ ಹೆಂಡತಿ ಸಿದ್ದಮ್ಮ ಹಟ್ಟಿಬಾಗಿಲಿನಿಂದ, "ಗೊತ್ತಿಲ್ಲ ಅನ್ನೋಕೆ ಅಲ್ಲೀಗಂಟ ಯಾಕ್ ಹೋಗ್ಬೇಕು, ಮನೇಲೇ ಕೂತ್ಕೋಬೋದು," ಎಂದು ಯಾರಿಗೂ ಅಲ್ಲದ ಹಾಗೆ ಅಂದಿದ್ದಳು.

ಶಿವಣ್ಣ ಸೌಮ್ಯಳಿಗೆ ಇನ್ನೊಂದು ವಿಷಯವನ್ನೂ ಹೇಳಿರಲಿಲ್ಲ. ಕಲ್ಲೇಶನನ್ನು ಬಿಟ್ಟ ಮಾರನೆಯ ದಿನ ಹೆಡ್ ಕಾನ್ಸ್‌ಟೇಬಲ್ ಭೀಮರಾಜು ಅವರ ಮನೆಗೆ ಬಂದಿದ್ದ. ಕಂದಿಕೆರೆ ಕಡೆಯವನು, ಮಾತಿನಲ್ಲಿ ಬಲು ಮೃದು. "ಬುಟ್ ಕಳ್ಸಿದ್ದಕ್ಕೆ ಊರಿನ ದೊಡ್ ಮನುಷ್ಯರದ್ದು ಒಂದು ಸಹಿ ಬೇಕು ಶಿವಣ್ಣೋರೆ, ನಿಮ್ ಬುಟ್ರೆ ಇನ್ಯಾರವ್ರೆ" ಎಂದು ಎರಡು ಬಿಳಿ ಹಾಳೆ ಮುಂದಿಟ್ಟಿದ್ದ. ಆ ಸೀಮೆಯಲ್ಲಿ ಠಾಣೆಯವರು ಸಹಿ ಕೇಳಿದರೆ ಹಾಕಿಬಿಡುವುದು ಒಂದು ರೂಢಿ. ಮಹಜರಿಗೋ ಪಂಚನಾಮೆಗೋ ತಮ್ಮನ್ನು ಕರೆದರು ಎಂಬುದೇ ಮನೆತನಕ್ಕೆ ಮರ್ಯಾದೆ. ಶಿವಣ್ಣನ ಅಪ್ಪನೂ ಹಾಕಿದ್ದರು. ಶಿವಣ್ಣ ಕನ್ನಡಕ ಹುಡುಕಿ ತಂದು, ಎರಡೂ ಹಾಳೆಯ ಕೆಳಗೆ ಉದ್ದವಾಗಿ ಸಹಿ ಹಾಕಿ ಕೊಟ್ಟಿದ್ದರು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಿಳಿ ಕಾರು ಬಂತು. ಇಳಿದ ಹೆಂಗಸಿಗೆ ಐವತ್ತರ ಆಸುಪಾಸು. ಹತ್ತಿ ಸೀರೆ, ಕೈಯಲ್ಲಿ ಒಂದು ದಪ್ಪ ಫೈಲು. ಹಿಂದೆಯೇ ಒಬ್ಬ ಗುಮಾಸ್ತ, ಆಯೋಗದ ಇಬ್ಬರು ಸಿಬ್ಬಂದಿ ಇಳಿದರು. ಹೆಸರು ದಾನೇಶ್ವರಿ, ಆಯೋಗದ ವಿಚಾರಣಾಧಿಕಾರಿ ಎಂದು ಜೊತೆಗಿದ್ದ ಗುಮಾಸ್ತ ಪಂಚಾಯ್ತಿಯವರಿಗೆ ಹೇಳುವಷ್ಟರಲ್ಲಿ ಅದು ಕಿಟಕಿಯಿಂದ ಕಿಟಕಿಗೆ ದಾಟಿ ರಸ್ತೆಯವರೆಗೂ ಹೋಯಿತು. ಪಂಚಾಯ್ತಿಯ ಕಾರ್ಯದರ್ಶಿ ಕಿಟಕಿ ಮುಚ್ಚಲು ಹೋದರು. ಆಕೆ ತಲೆಯೆತ್ತದೆ, "ತೆಗೆದೇ ಇರಲಿ, ಸೆಕೆ" ಎಂದರು. ಹೊರಗೆ ಒಂದು ಸಣ್ಣ ಗುಜುಗುಜು ಎದ್ದಿತು.

ಎಸ್‌ಐ ಸೂರ್ಯಪ್ರಕಾಶ್ ಇಸ್ತ್ರಿಯ ಸಮವಸ್ತ್ರದಲ್ಲಿ ಬಂದು ಸೆಲ್ಯೂಟ್ ಮಾಡಿ ಕುರ್ಚಿಯಲ್ಲಿ ಕೂತ. ಮೂವತ್ತೆರಡರ ವಯಸ್ಸು, ಊರು ಈ ಕಡೆಯದಲ್ಲ. ಅವನ ಹಿಂದೆ ಭೀಮರಾಜು ಗೋಡೆಗೆ ಅಂಟಿದಂತೆ ನಿಂತ. ಎದುರು ಬೆಂಚಿನಲ್ಲಿ ಸೌಮ್ಯ, ಕಲ್ಲೇಶ. ಕೊನೆಯಲ್ಲಿ ಶಿವಣ್ಣ, ಟವೆಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು.

"ಕಲ್ಲೇಶ್ ಅವರನ್ನ ಠಾಣೆಗೆ ಕರೆಸಿದ್ರಾ?" ಎಂದು ದಾನೇಶ್ವರಿ ಕೇಳಿದರು.

"ಶನಿವಾರ ಸಂಜೆ ಕರೆಸಿದ್ವಿ ಮೇಡಂ. ಅರ್ಧ ಗಂಟೆ ವಿಚಾರಿಸಿ ಕಳಿಸಿದ್ವಿ. ಸ್ಟೇಷನ್ ಡೈರಿಯಲ್ಲಿದೆ."

"ಆ ಮೂರು ದಿನದ ಸಿಸಿಟಿವಿ?"

"ಆ ವಾರ ಕೆಟ್ಟಿತ್ತು ಮೇಡಂ. ರಿಪೇರಿಗೆ ಬರೆದಿದ್ವಿ."

ಕಿಟಕಿಯಿಂದ ಹುಚ್ಚಕ್ಕನ ದನಿ ಬಂತು. "ಹೊಡ್ಯೋ ವಾರ ನೋಡ್ಕೊಂಡೇ ಕೆಡ್ತದೆ ಅದು."

ನಗು ಎದ್ದಿತು. ದಾನೇಶ್ವರಿ ಪೆನ್ನಿನ ಹಿಂಬದಿಯಿಂದ ಮೇಜು ತಟ್ಟಿದರು. "ಮಾತಾಡೋ ಹಾಗಿದ್ರೆ ಕಿಟಕಿ ಹಾಕಿಸ್ತೀನಿ ಅಜ್ಜಿ." ಹುಚ್ಚಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹಾಗಾದ್ರೆ ಬೆರಳು ಮುರಿದಿದ್ದು ಹೇಗೆ?"

"ಕೆಲಸ ಮಾಡುವಾಗ ಮೇಡಂ. ಕಣ್ಣಾರೆ ಕಂಡ ಸಾಕ್ಷಿ ಇದ್ದಾರೆ. ಊರಿನ ಗೌರವಸ್ಥರು." ಸೂರ್ಯಪ್ರಕಾಶ್ ಶಿವಣ್ಣನ ಕಡೆ ತಿರುಗಿ ತಲೆಬಾಗಿದ. "ಅವರ ಸಹಿ ಇರೋ ಹೇಳಿಕೆ ಫೈಲಿನಲ್ಲಿದೆ."

ಸೌಮ್ಯ ತಟ್ಟನೆ ಶಿವಣ್ಣನನ್ನು ನೋಡಿದಳು. ಅವರು ಎಸ್‌ಐಯನ್ನು ನೋಡುತ್ತಿದ್ದರು, ಯಾವುದೋ ಬೇರೆ ಊರಿನ ಸುದ್ದಿ ಕೇಳಿದವರ ಹಾಗೆ.

"ಸಹಿ ಹಾಕಿದವರ ಎದುರಿಗೆ ಓದಿಸೋದು ನನ್ನ ಪದ್ಧತಿ," ಎಂದರು ದಾನೇಶ್ವರಿ. ಗುಮಾಸ್ತ ಎದ್ದು ನಿಂತು ಓದಿದ. "ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಿದ್ದು, ವ್ಯವಸಾಯ ಮಾಡಿಕೊಂಡಿರುತ್ತೇನೆ. ದಿನಾಂಕ ಹದಿನೈದನೇ ಜುಲೈ ಸೋಮವಾರ ಬೆಳಿಗ್ಗೆ ಸುಮಾರು ಏಳು ಗಂಟೆ ಸಮಯದಲ್ಲಿ ನಾನು ನನ್ನ ಸ್ವಂತ ಎತ್ತುಗಳನ್ನು ಹೂಡಿಸಿಕೊಂಡು ನನ್ನ ತೆಂಗಿನ ತೋಟವನ್ನು ಉಳುಮೆ ಮಾಡಿಸುತ್ತಿದ್ದಾಗ, ಕೂಲಿಗೆ ಬಂದಿದ್ದ ಸದರಿ ಕಲ್ಲೇಶನ ಬಲಗೈ ನೊಗಕ್ಕೂ ಎತ್ತಿನ ಕೊಂಬಿಗೂ ನಡುವೆ ಸಿಕ್ಕಿ..."

ಗುಮಾಸ್ತ ಓದುತ್ತಲೇ ಇದ್ದ. ಆದರೆ ಕಿಟಕಿಗಳಲ್ಲಿ ಏನೋ ಆಯಿತು. ಮೊದಲು ಯಾರೋ ಒಬ್ಬರು "ಯಾವಾರ?" ಎಂದರು. ಇನ್ನೊಬ್ಬರು "ಸೋಮಾರ ಅಂದ" ಎಂದರು. ಹಿಂದೆ ನಿಂತವರು ಮುಂದಿನವರನ್ನು ಕೇಳಿದರು. ಸೋಮವಾರ, ಸೋಮವಾರ ಎಂಬ ಮಾತು ಅಂಗಳದ ಉದ್ದಕ್ಕೂ ಹರಿದು ಹೋಯಿತು. ಮರುಗಳಿಗೆ ಅಷ್ಟೂ ಜನ ಒಟ್ಟಿಗೆ ನಕ್ಕರು.

"ಏನಾಯ್ತು?" ದಾನೇಶ್ವರಿ ತಲೆಯೆತ್ತಿದರು.

ಹುಚ್ಚಕ್ಕನೇ ಬಾಯಿಗೆ ಹಿಡಿದಿದ್ದ ಸೆರಗು ತೆಗೆದಳು. "ಸೋಮಾರ ಬಸವಣ್ಣನ ವಾರ ಕಣವ್ವ. ಈ ಸೀಮೇಲಿ ಸೋಮಾರ ಯಾರೂ ಎತ್ತಿನ ಹೆಗಲ್ಗೆ ನೊಗ ಮಡಗಲ್ಲ. ಊರೇ ಹೊತ್ಕೊಂಡ್ ಉರೀತಾ ಇದ್ರೂ ಮಡಗಲ್ಲ. ಅದ್ರಲ್ಲೂ ಶಿವಣ್ಣ."

ಸೂರ್ಯಪ್ರಕಾಶನಿಗೆ ಇನ್ನೂ ಅರ್ಥವಾಗಿರಲಿಲ್ಲ. ಅವನು ಹಿಂದಕ್ಕೆ ತಿರುಗಿ ಭೀಮರಾಜುವನ್ನು ನೋಡಿದ. ಭೀಮರಾಜುವಿಗೆ ಓದು ಶುರುವಾದಾಗಲೇ ಅರ್ಥವಾಗಿತ್ತು. ಹಾಳೆ ತಂದುಕೊಟ್ಟವನು ಅವನು. ಬರೆದವನು ಎಸ್‌ಐ ಹೇಳಿದಂತೆ ಬರೆದುಕೊಂಡ, ಪಟ್ಟಣದಿಂದ ಹೊಸದಾಗಿ ಬಂದ ರೈಟರ್. ಭೀಮರಾಜು ನೆಲ ನೋಡಿದ.

ಶಿವಣ್ಣ ಎದ್ದು ನಿಂತಿದ್ದರು. ಎದ್ದದ್ದು ಅವರಿಗೇ ಗೊತ್ತಾದಂತಿರಲಿಲ್ಲ. ಟವೆಲು ಕೆಳಗೆ ಬಿದ್ದಿತ್ತು.

"ಇದು ನಿಮ್ಮ ಹೇಳಿಕೆಯೇ?"

"ಇದು ನನ್ ಮಾತಲ್ಲ ತಾಯಿ. ನಮ್ಮಪ್ಪ ಸಾಯೋವಾಗ ಹೊಲ ಬಿತ್ತೋದಿತ್ತು. ಆಳು, ಎತ್ತು ಎಲ್ಲ ಇದ್ವು. ಸೋಮಾರ ಬಂತು ಅಂತ ಒಂದಿನ ಕಾದು ಬಿತ್ದೋರು ನಾವು. ನನ್ನೆತ್ತುನ್ನ ಸೋಮಾರ ಹೂಡ್ದೆ ಅಂತ ಬರೆದವ್ರಲ್ಲ, ನಾಳೆ ನಾನ್ ಯಾರ್ ಮನೆ ಜಗಲಿ ಹತ್ಲಿ? ಬಿಳೀ ಹಾಳೆಗೆ ಸಹಿ ಹಾಕ್ಸ್ಕಂಡ್ರು. ಬುಟ್ ಕಳ್ಸಿದ್ದಕ್ಕೆ ಅಂದ್ರು."

ದಾನೇಶ್ವರಿಯವರ ಪೆನ್ನು ಓಡತೊಡಗಿತು. ಕಿಟಕಿಗಳಲ್ಲಿ ತಲೆಗಳು ಇಮ್ಮಡಿಯಾದವು. ಅಂಗಳದ ಮಾವಿನ ಗಿಡ ಹತ್ತಿದವರು ಕೆಳಗಿನವರಿಗೆ ಒಂದೊಂದೇ ಮಾತು ಇಳಿಸಿಕೊಡುತ್ತಿದ್ದರು.

ಆಗ ಸೂರ್ಯಪ್ರಕಾಶ್ ಎದ್ದ. ಚುರುಕಿನ ಮನುಷ್ಯ. ಇಷ್ಟು ಹೊತ್ತಿಗೆ ಅವನಿಗೆ ದಾರಿ ಹೊಳೆದಿತ್ತು.

"ಮೇಡಂ, ಒಂದು ನಿಮಿಷ. ಇದು ಬರೆಯುವಾಗ ಆದ ತಪ್ಪು. ನಮ್ಮ ರೈಟರ್ ಹೊಸಬ. ಹಾಳೆ ಆಮೇಲೆ ತುಂಬಿದ್ದೂ ತಪ್ಪೇ, ಒಪ್ಕೊಳ್ತೀನಿ. ಘಟನೆ ನಡೆದದ್ದು ಹಿಂದಿನ ದಿನ, ಭಾನುವಾರ. ಶಿವಣ್ಣೋರೆ, ನಿಮ್ಮ ಮನಸ್ಸಿಗೆ ನೋವಾಗಿದ್ರೆ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ. ಭಾನುವಾರ ಅಂತ ತಿದ್ದೋಣ. ಪಕ್ಕದಲ್ಲಿ ನೀವೊಂದು ಸಹಿ ಹಾಕಿ, ಸಾಕು. ನಿಮ್ಮ ಎತ್ತಿನ ಮೇಲಿನ ಮಾತು ಅಳಿಸಿಹೋಗ್ಲಿ."

ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಎರಡು ಕೈಯಿಂದ ಚಾಚಿದ.

ಅವನು ಕೇಳುತ್ತಿದ್ದುದು ಒಂದೇ ಪದದ ಬದಲಾವಣೆ. ಶಿವಣ್ಣನ ಮೈ ಸ್ವಲ್ಪ ಸಡಿಲವಾದದ್ದು ಸೌಮ್ಯಳಿಗೆ ಕಂಡಿತು. ಅವರ ಕೈ ಪೆನ್ನಿನ ಕಡೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

"ದೊಡ್ಡಪ್ಪ," ಎಂದಳು ಸೌಮ್ಯ. ದನಿ ಎತ್ತಲಿಲ್ಲ. "ನಿಮ್ಮೆತ್ತಿಗಾಗಿ ಬಂದ ಸಿಟ್ಟು ನನ್ ಗಂಡನ ಕೈಗಾಗಿ ಬರ್ಲಿಲ್ವಲ್ಲ."

"ಸಾಕ್ಷಿಗೆ ಹೇಳಿಕೊಡಬಾರದಮ್ಮ," ಎಂದರು ದಾನೇಶ್ವರಿ.

"ಹೇಳ್ಕೊಡ್ತಿಲ್ಲ ಮೇಡಂ. ಏಳ್ ತಿಂಗ್ಳಿಂದ ಕೇಳ್ಬೇಕು ಅಂತಿದ್ದೆ, ಕೇಳ್ದೆ."

ಕಲ್ಲೇಶನ ಮುಂದೆ ಸ್ಟೀಲ್ ಲೋಟದಲ್ಲಿ ನೀರಿತ್ತು. ಅವನು ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ಬಲಗೈಯ ಅಂಗೈ ಕೆಳಗೆ ಕೊಟ್ಟು ಕುಡಿದ. ನೆಟ್ಟಗೆ ನಿಂತ ಮೂರು ಬೆರಳು ಲೋಟದ ಆಚೆ ಚಾಚಿಕೊಂಡಿದ್ದವು. ಶಿವಣ್ಣ ಅದನ್ನು ನೋಡುತ್ತಾ ನಿಂತರು. ಅವನು ಕುಡಿದು ಲೋಟ ಕೆಳಗಿಡುವವರೆಗೂ ನೋಡಿದರು.

"ಭಾನುವಾರಾನೂ ಅಲ್ಲ," ಎಂದರು.

ಚಾಚಿದ ಪೆನ್ನು ಹಾಗೇ ಉಳಿಯಿತು.

"ಭಾನುವಾರ ನನ್ನೆತ್ತು ಕೊಟ್ಟಿಗೇಲಿದ್ವು. ನಾನು ಇವರ ಠಾಣೇಲಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಹನ್ನೆರಡರ್ಗಂಟ ಇದ್ದೆ. ನಮ್ಮನೆಯೋಳು ಅವನ್ಗೆ ಅಂತ ರೊಟ್ಟಿ ಕಟ್ಕೊಟ್ಟಿದ್ಲು, ಒಳೀಕ್ ಬುಡ್ಲಿಲ್ಲ. ಕಂಪ್ಯೂಟರ್ ಮಡಗಿರೋ ರೂಮಿನ ಹಿಂದೆ ಒಂದು ಸಣ್ ಕೋಣೆ ಐತೆ. ಬಾಗ್ಲು ಅರ್ಧ ತೆಗ್ದಿತ್ತು. ಇವ್ನು ಚಡ್ಡೀಲಿ ನೆಲದ್ ಮ್ಯಾಲೆ ಕೂತಿದ್ದ. ನನ್ ನೋಡ್ದ. ನೀರು ಅಂದ." ಅವರು ಗೋಡೆಯ ಕಡೆ ಕೈ ತೋರಿಸಿದರು. "ಈ ಭೀಮರಾಜು ನಂಗೆ ಟೀ ತರ್ಸ್‌ಕೊಟ್ಟ. ನಾನು ಟೀ ಕುಡ್ದೆ ತಾಯಿ. ಅವ್ನು ನೋಡ್ತಾ ಇದ್ದ, ನಾನು ಕುಡ್ದೆ. ಅದನ್ನೂ ಬರ್ಕಳಿ."

ಬಾಗಿಲಲ್ಲಿ ನಿಂತಿದ್ದ ಸಿದ್ದಮ್ಮ, "ರೊಟ್ಟಿ ಕೊಟ್ಟೆ ಅಂದಿದ್ರಿ ನಂಗೆ," ಎಂದಳು.

ದಾನೇಶ್ವರಿ ಬರೆದು ಮುಗಿಸಿ ಗೋಡೆಯ ಕಡೆ ನೋಡಿದರು. "ಭೀಮರಾಜು ಅವರೆ, ಆ ಭಾನುವಾರ ಡ್ಯೂಟಿಯಲ್ಲಿದ್ರಾ?"

"ಇದ್ದೆ ಮೇಡಂ."

"ಇವರು ಬಂದಿದ್ರಾ?"

ಭೀಮರಾಜು ಎಸ್‌ಐಯ ಬೆನ್ನು ನೋಡಿದ. ಆ ಬೆನ್ನು ಅಲುಗಲಿಲ್ಲ. ಕಿಟಕಿಗಳನ್ನು ನೋಡಿದ. ಅಲ್ಲಿದ್ದ ಮುಖಗಳೆಲ್ಲ ಅವನಿಗೆ ಗೊತ್ತಿದ್ದವು. ನಿವೃತ್ತಿಗೆ ಎರಡು ವರ್ಷವಿತ್ತು, ಆಮೇಲೂ ಅವನು ಇದೇ ಸಂತೆಗೆ ಬರಬೇಕಿತ್ತು.

"ಬಂದಿದ್ರು," ಎಂದ. ಕಿಟಕಿಯಿಂದ ಕಣ್ಣು ತೆಗೆಯದೆ, "ಕಲ್ಲೇಶನೂ ಇದ್ದ," ಎಂದ.

"ಭೀಮರಾಜು," ಎಂದ ಸೂರ್ಯಪ್ರಕಾಶ್, ಅಷ್ಟೇ.

"ಆ ಟೀ ಕೊಟ್ಟೋನು ನಾನೇ ಮೇಡಂ." ರುದ್ರೇಶ ಕಿಟಕಿಯ ಸರಳುಗಳ ನಡುವೆ ಮುಖ ತೂರಿಸಿದ್ದ. ಬೆಳಿಗ್ಗೆ ನಗಲೂ ಹೆದರಿದವನು. "ಸೋಮಾರಾನೂ ಹೋಗಿದ್ದೆ. ಏಳು ಟೀ. ಒಳಗಿಂದ ಇವ್ನು ಕಿರಿಚ್ಕೊಳ್ಳೋದು ರಸ್ತೇಗಂಟ ಕೇಳ್ತಿತ್ತು."

"ನಮ್ ಡೇರಿಗೂ ಕೇಳ್ಸ್ತು," ಎಂದಿತು ಇನ್ನೊಂದು ದನಿ. "ಬಿಡೋವಾಗ ನಾನ್ ನೋಡ್ದೆ, ಕೈಗೆ ಟವಲ್ ಸುತ್ತಿದ್ರು," ಎಂದಳು ಒಬ್ಬ ಹೆಂಗಸು. ಹಿಂದಿನಿಂದ ತಳ್ಳಾಟ ಶುರುವಾಯಿತು. ಏಳು ತಿಂಗಳು ಒಬ್ಬರಿಗೊಬ್ಬರು ಪಿಸುಗುಟ್ಟಿಕೊಂಡಿದ್ದನ್ನು ಎಲ್ಲರೂ ಒಂದೇ ಸಲ ಹೇಳಲು ಬಂದಂತಿತ್ತು. ಕಾರ್ಯದರ್ಶಿ ಬಾಗಿಲಿಗೆ ಅಡ್ಡ ನಿಂತು ಬೆವತುಹೋದರು.

"ಒಬ್ಬೊಬ್ಬರೇ," ಎಂದರು ದಾನೇಶ್ವರಿ. ಅವರ ದನಿಯಲ್ಲೂ ಈಗ ಬೇರೆ ಚುರುಕಿತ್ತು. "ಸಾಲಾಗಿ ನಿಲ್ಲಿ. ಕಂಡಿದ್ದು ಮಾತ್ರ. ಯಾರೋ ಹೇಳಿದ್ದನ್ನು ಕೇಳಿದ್ದು ಬೇಡ." ಗುಮಾಸ್ತನಿಗೆ, "ಪಂಚಾಯ್ತಿಯವರ ಹತ್ತಿರ ಪೇಪರ್ ಕೇಳಿ, ನಮ್ಮದು ಸಾಲದು," ಎಂದರು. ಆಮೇಲೆ ಎಸ್‌ಐಯ ಕಡೆ ತಿರುಗಿದರು.

"ನೀವು ಹೊರಗೆ ಕೂತಿರಿ. ನಾನು ಕರೆದಾಗ ಬನ್ನಿ. ಯಾವ ಸಾಕ್ಷಿಯ ಹತ್ತಿರವೂ ಮಾತಾಡೋ ಹಾಗಿಲ್ಲ. ಸ್ಟೇಷನ್ ಡೈರಿಯನ್ನ, ಆ ಸಿಸಿಟಿವಿ ಡಬ್ಬಿಯನ್ನ ನನ್ನ ಜೊತೆ ಬಂದವರು ಈಗಲೇ ವಶಕ್ಕೆ ತಗೋತಾರೆ. ನಿಮ್ಮ ಮೇಲೆ ಕೇಸು ದಾಖಲು ಮಾಡ್ಬೇಕು ಅಂತ ನಾನು ಇವತ್ತೇ ಬರೀತೀನಿ."

"ಮೇಡಂ, ಸುಪೀರಿಯರ್ಸ್ ಹತ್ರ ಒಂದ್ಸಲ..."

"ಅವರಿಗೂ ಬರೀತೀನಿ."

ಸೂರ್ಯಪ್ರಕಾಶ್ ಪೆನ್ನಿನ ಮುಚ್ಚಳ ಹಾಕಿದ. ಟೋಪಿ ತೆಗೆದುಕೊಂಡು ಹೊರಗೆ ಬಂದ. ಜನ ದಾರಿ ಬಿಟ್ಟರು. ಯಾರೂ ಕೂಗಲಿಲ್ಲ, ಯಾರೂ ಕೈಮುಗಿಯಲೂ ಇಲ್ಲ. ಕಟ್ಟೆಯ ಮೇಲೆ ಜಾಗವಿರಲಿಲ್ಲ. ಹುಚ್ಚಕ್ಕ ಒಂದಿಷ್ಟು ಒತ್ತರಿಸಿ ಕೂತು, "ಬನ್ನಿ ಸಾಮಿ, ಕೂರಿ. ಇನ್ನೂ ಬಾಳ ಹೊತ್ತಾಯ್ತದೆ," ಎಂದಳು. ಅವನು ಕೂರಲಿಲ್ಲ. ಮಾವಿನ ಗಿಡದ ಕೆಳಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಒಳಗೆ ಸೌಮ್ಯ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಸ್ಪಷ್ಟವಿರಲಿಲ್ಲ. ಶಿವಣ್ಣ ಬಂದು ಅವಳ ಪಕ್ಕದಲ್ಲಿ ನಿಂತರು. ಅವಳು ಅವರ ಕಡೆ ನೋಡಲಿಲ್ಲ. ಅವರು ಹೇಳಿದ್ದಕ್ಕೆ ಋಣಿಯಾಗಿರಬೇಕೋ, ಇಷ್ಟು ದಿನ ಹೇಳದೆ ಇದ್ದುದಕ್ಕೆ ಬಯ್ಯಬೇಕೋ ಎನ್ನುವುದು ಅವಳಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ಅವರು ಟವೆಲು ಎತ್ತಿಕೊಂಡು, ಹೊರಗಿನ ಸಾಲಿನಲ್ಲಿ ತಮ್ಮ ಹೇಳಿಕೆಯನ್ನು ಪೂರ್ತಿ ಕೊಡಲು ಎಲ್ಲರ ಹಿಂದೆ ಹೋಗಿ ನಿಂತರು.

ಗುಮಾಸ್ತ ಹೊಸ ಹಾಳೆ ಜೋಡಿಸಿದ. "ಮೊದಲು ಯಾರು ಮೇಡಂ? ಟೀ ಅಂಗಡಿಯವರನ್ನ ಕರೀಲಾ?"

"ನಾನು," ಎಂದ ಕಲ್ಲೇಶ.

ಸೌಮ್ಯ ತಿರುಗಿದಳು. ಅವನು ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಹೋಗಿದ್ದ. ಎಸ್‌ಐ ಬಿಟ್ಟು ಹೋದ ಕುರ್ಚಿಯನ್ನು ಎಡಗೈಯಿಂದ ಎಳೆದುಕೊಂಡು, ಒಂದು ಕ್ಷಣ ನೋಡಿ, ಕೂತ. ಬಲಗೈಯನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟ.

"ನಿಧಾನವಾಗಿ ಹೇಳಿ. ನಿಮಗೆ ನೆನಪಿರೋದಷ್ಟು ಸಾಕು," ಎಂದರು ದಾನೇಶ್ವರಿ.

"ಎಲ್ಲ ನೆನಪೈತೆ ಮೇಡಂ. ಶನಿವಾರ ಸಂಜೆ ಜೀಪು ಬಂದಾಗ ಹಾರೆ ಮೊನೇಲಿ ಒಂದು ಕಾಯಿ ಕುಕ್ಕಿದ್ದೆ. ಅರ್ಧ ಸುಲ್ದಿದ್ದೆ. ಇದೊಂದ್ ಬುಡಿಸ್ಕೊಂಡ್ ಬತ್ತೀನಿ ಸಾರ್ ಅಂದೆ..."

ಗುಮಾಸ್ತನ ಪೆನ್ನು ಅವನ ಮಾತಿನ ಹಿಂದೆ ಓಡಿತು, ಒಂದು ಕಡೆ ಹಿಂದೆ ಬಿತ್ತು. ಕಲ್ಲೇಶ ನಿಲ್ಲಿಸಿ, ಅವನು ಬರೆದು ಮುಗಿಸುವವರೆಗೆ ಕಾದು, ಮುಂದಿನದನ್ನು ಹೇಳಿದ.